ನಾಯಿ ಬಿಸ್ಕತ್ತಿಗೆ ಯಾವ ರಾಗಿ ಹಿಟ್ಟು? ತುಮಕೂರಿನಲ್ಲಿ ಸಿಗುವ ನಾಲ್ಕು ಬಗೆಗಳ ವಿಮರ್ಶೆ

ಮನೆಯಲ್ಲೇ ನಾಯಿಗೆ ಬಿಸ್ಕತ್ತು ಮಾಡುವವರು ತುಮಕೂರು ಕಡೆ ರಾಗಿಯನ್ನು ಬಿಟ್ಟು ಬೇರೆ ಹಿಟ್ಟು ಹುಡುಕಬೇಕಾಗಿಲ್ಲ. ಆದರೆ ‘ರಾಗಿ ಹಿಟ್ಟು’ ಅಂತ ಅಂಗಡಿಯಲ್ಲಿ ಸಿಗುವುದೆಲ್ಲ ಒಂದೇ ಅಲ್ಲ. ಕಾಳು ತಂದು ಮಿಲ್ಲಿನಲ್ಲಿ ಬೀಸಿಸಿದ ಹಿಟ್ಟು, ಸೂಪರ್ ಮಾರ್ಕೆಟ್ಟಿನ ಪ್ಯಾಕೆಟ್ ಹಿಟ್ಟು, ಮೊಳಕೆ ಕಟ್ಟಿದ ರಾಗಿಯ ಹಿಟ್ಟು, ಅರಳಿಸಿದ ರಾಗಿಯ ಹುರಿಹಿಟ್ಟು ಈ ನಾಲ್ಕೂ ಒಲೆಯಲ್ಲಿ ನಾಲ್ಕು ಥರ ವರ್ತಿಸುತ್ತವೆ. ಬಿಸ್ಕತ್ತು ಪುಡಿಪುಡಿಯಾಗುವುದಕ್ಕೆ, ಮೂರೇ ದಿನಕ್ಕೆ ಬೂಸ್ಟು ಹಿಡಿಯುವುದಕ್ಕೆ ಬಹಳಷ್ಟು ಸಲ ಹಿಟ್ಟಿನ ಗುಣ ತಿಳಿಯದೆ ಇರುವುದೇ ಕಾರಣ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಓವನ್ ಇದ್ದವರಿಗೆ ಮಿಲ್ ಹಿಟ್ಟೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಓವನ್ ಇಲ್ಲದವರಿಗೆ ಹುರಿಹಿಟ್ಟು. ಪ್ಯಾಕೆಟ್ ಹಿಟ್ಟು ಅವಸರಕ್ಕೆ ಆದೀತು. ಮೊಳಕೆ ರಾಗಿ ಹಿಟ್ಟು ಒಳ್ಳೆಯದೇ, ಆದರೆ ಕೈ ಪಳಗಿದವರಿಗೆ ಮಾತ್ರ. ‘ರಾಗಿ ಮಾಲ್ಟ್’ ಎಂದು ಡಬ್ಬದಲ್ಲಿ ಬರುವುದನ್ನು ನಾಯಿಗೆ ಮುಟ್ಟಿಸಲೇಬೇಡಿ.

ಹೋಲಿಕೆಗೆ ಇಟ್ಟುಕೊಂಡ ಅಳತೆ ಇದು: ರಾಗಿ ಹಿಟ್ಟು 200 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ಬೇಯಿಸಿ ಮಸೆದ ಸಿಹಿಗುಂಬಳ 150 ಗ್ರಾಂ, ಮೊಟ್ಟೆ ಒಂದು, ಮನೆಯಲ್ಲೇ ರುಬ್ಬಿದ ಕಡಲೆಕಾಯಿ ಬೀಜದ ಪೇಸ್ಟು ಎರಡು ದೊಡ್ಡ ಚಮಚ (30 ಗ್ರಾಂ), ಕುದಿಯುವ ನೀರು ಸುಮಾರು 50 ಮಿ.ಲೀ. ಉಪ್ಪು, ಸಕ್ಕರೆ, ಬೆಲ್ಲ, ಸೋಡಾ ಯಾವುದೂ ಬೇಡ. ನಾಯಿ ಬಿಸ್ಕತ್ತು ಉಬ್ಬಬೇಕಾಗಿಲ್ಲ, ಒಣಗಬೇಕು.

ಮಿಲ್ ಹಿಟ್ಟಿನ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದರಲ್ಲಿ ಗುಣಮಟ್ಟ ಪೂರ್ತಿ ನಿಮ್ಮ ಕೈಯಲ್ಲಿದೆ. ಮಂಡಿಪೇಟೆಯ ಅಂಗಡಿಗಳಲ್ಲಿ ರಾಗಿ ಕೊಳ್ಳುವಾಗ ಒಂದು ಹಿಡಿ ಅಂಗೈಗೆ ಹಾಕಿಸಿಕೊಂಡು ಉಜ್ಜಿ ನೋಡಿ. ಕಾಳು ಕೆಂಪಗೆ, ಒಂದೇ ಗಾತ್ರದಲ್ಲಿರಬೇಕು. ಕೈಗೆ ಬೂದಿಯಂಥ ಧೂಳು ಹತ್ತಿದರೆ, ಮುಗ್ಗು ವಾಸನೆ ಬಂದರೆ ಬಿಡಿ. ರಾಗಿಯ ದೊಡ್ಡ ಗುಣ ಅದರ ಬಾಳಿಕೆ. ಹುಳ ಅಷ್ಟು ಸುಲಭವಾಗಿ ಮುಟ್ಟದ ಕಾಳಾದ್ದರಿಂದಲೇ ಹಿಂದಿನವರು ಹಗೇವಿನಲ್ಲಿ (ನೆಲದೊಳಗಿನ ಕಣಜದಲ್ಲಿ) ತುಂಬಿ ವರ್ಷಗಟ್ಟಲೆ ಇಡುತ್ತಿದ್ದರು. ಹಿಟ್ಟಾದ ಮೇಲೆ ಆ ಬಾಳಿಕೆ ಇಲ್ಲ. ಸಜ್ಜೆ ಹಿಟ್ಟಿನಷ್ಟು ಬೇಗ ಕಹಿಯಾಗದಿದ್ದರೂ ಒಂದು ತಿಂಗಳಾಚೆಗೆ ಅದರ ಪರಿಮಳ ಇಳಿಯುತ್ತದೆ. ಹಾಗಾಗಿ ಕಾಳನ್ನು ಹೆಚ್ಚಿಗೆ ತಂದಿಡಿ, ಬೀಸಿಸುವುದನ್ನು ಎರಡೆರಡು ಕಿಲೋ ಮಾಡಿ.

ಬೀಸಿಸುವ ಮುಂಚೆ ಮೊರದಲ್ಲಿ ಕೇರಿ, ಮೂರ್ನಾಲ್ಕು ನೀರಿನಲ್ಲಿ ಜಾಲಿಸಿ. ರಾಗಿ ಕಾಳಿನ ಗಾತ್ರದ್ದೇ ಕೆಂಪು ಮರಳು ಅದರಲ್ಲಿ ಸೇರಿರುತ್ತದೆ, ಜರಡಿಗೆ ಸಿಗುವುದಿಲ್ಲ, ಜಾಲಿಸಿದಾಗ ಮಾತ್ರ ಪಾತ್ರೆಯ ತಳದಲ್ಲಿ ಉಳಿಯುತ್ತದೆ. ಬೇಸಿಗೆಯಾದರೆ ಒಂದು ದಿನ, ಮೋಡವಿದ್ದರೆ ಎರಡು ದಿನ ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಒಣಗಿಸಿ. ಒಣಗಿದ್ದಕ್ಕೆ ಗುರುತು ಹಲ್ಲು: ಕಾಳು ಕಚ್ಚಿದರೆ ಕಟ್ ಎನ್ನಬೇಕು, ಮೆತ್ತಗೆ ಚಪ್ಪಟೆಯಾಗಬಾರದು. ತೇವವಿರುವ ಕಾಳು ಮಿಲ್ಲಿಗೆ ಹೋದರೆ ಹಿಟ್ಟು ಗಂಟುಗಂಟಾಗಿ ಇಳಿಯುತ್ತದೆ, ಡಬ್ಬದಲ್ಲಿ ವಾರಕ್ಕೇ ಮುಗ್ಗುತ್ತದೆ.

ಮಿಲ್ಲಿನಲ್ಲಿ ಎರಡು ಪ್ರಶ್ನೆ ತಪ್ಪದೆ ಕೇಳಿ. ಒಂದು, ಇದೇ ಯಂತ್ರದಲ್ಲಿ ಖಾರದ ಪುಡಿ, ಸಾಂಬಾರ್ ಪುಡಿ ಬೀಸುತ್ತೀರಾ? ಬಹುತೇಕ ಕಡೆ ಅದಕ್ಕೆ ಬೇರೆ ಯಂತ್ರವೇ ಇರುತ್ತದೆ, ಆದರೂ ಕೇಳಿ. ಮೆಣಸಿನಕಾಯಿಯ ಘಾಟು ಹತ್ತಿದ ಹಿಟ್ಟನ್ನು ನಾಯಿ ಮೂಸಿ ನೋಡಿ ಹೋಗಿಬಿಡುತ್ತದೆ. ಎರಡನೆಯದು, ಕಲ್ಲನ್ನು ಯಾವಾಗ ಕೊರೆಸಿದಿರಿ? ಸವೆದ ಕಲ್ಲನ್ನು ಉಳಿಯಿಂದ ಮತ್ತೆ ಹರಿತ ಮಾಡಿಸಿದ ಮೊದಲ ದಿನ ಬೀಸಿದ ಹಿಟ್ಟಿನಲ್ಲಿ ಕಲ್ಲಿನ ಪುಡಿ ಸೇರುತ್ತದೆ. ಅಂಥ ದಿನವಾದರೆ ನಾಲ್ಕು ದಿನ ಬಿಟ್ಟು ಹೋಗಿ. ಅನುಮಾನವಿದ್ದರೆ ಒಂದು ಚಮಚ ಹಿಟ್ಟನ್ನು ಗಾಜಿನ ಲೋಟದ ನೀರಿಗೆ ಹಾಕಿ ಕದಡಿ, ಎರಡು ನಿಮಿಷ ಬಿಟ್ಟು, ಮೇಲಿನದನ್ನು ಬಗ್ಗಿಸಿ ಚೆಲ್ಲಿ. ತಳದಲ್ಲಿ ಉಳಿದದ್ದನ್ನು ಎರಡು ಬೆರಳ ನಡುವೆ ಉಜ್ಜಿದರೆ ಮರಳಿದ್ದದ್ದು ಕರಕರ ಅನ್ನುತ್ತದೆ.

‘ರೊಟ್ಟಿಗೆ ಬೀಸೋ ಹಾಗೆ ನುಣ್ಣಗೆ ಬೀಸಿಕೊಡಿ ಅಣ್ಣಾ’ ಎಂದರೆ ಸಾಕು, ಅವರಿಗೆ ಗೊತ್ತು. ತರಿ ಉಳಿದರೆ ಬಿಸ್ಕತ್ತಿನ ಅಂಚು ಉದುರುತ್ತದೆ. ಹಿಟ್ಟು ಮಿಲ್ಲಿಂದ ಬಿಸಿಬಿಸಿಯಾಗಿ ಬರುತ್ತದೆ. ಹಾಗೇ ಡಬ್ಬಕ್ಕೆ ತುಂಬಿ ಮುಚ್ಚಳ ಹಾಕಿದರೆ ಒಳಗೆ ಬೆವರುತ್ತದೆ, ಪೇಪರ್ ಮೇಲೆ ಹರಡಿ ಪೂರ್ತಿ ತಣ್ಣಗಾದ ಮೇಲೆ ತುಂಬಿ.

ರಾಗಿಯಲ್ಲಿ ಗೋಧಿಯ ಹಾಗೆ ಜಿಗುಟು ಇಲ್ಲ. ತಣ್ಣೀರಿನಲ್ಲಿ ಕಲಸಿದರೆ ಲಟ್ಟಿಸುವಾಗಲೇ ಬಿರಿಯುತ್ತದೆ. ಮುದ್ದೆ ಮಾಡುವವರಿಗೆ ಇದರ ಪರಿಹಾರ ಗೊತ್ತೇ ಇದೆ: ಬಿಸಿ. ಸಿಹಿಗುಂಬಳವನ್ನು ಸಿಪ್ಪೆ ತೆಗೆದು ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಮಸೆದು, ಅದೇ ಪಾತ್ರೆಗೆ ರಾಗಿ ಹಿಟ್ಟು ಸುರಿದು, ಕುದಿಯುವ ನೀರು ಹಾಕಿ ಮರದ ಕೋಲಿನಿಂದ ತಿರುವಿ ಹತ್ತು ನಿಮಿಷ ಮುಚ್ಚಿಡಿ. ಹಿಟ್ಟಿನ ಪಿಷ್ಟ ಅರಳಿ ಅಂಟು ಬರುತ್ತದೆ. ಉಗುರುಬೆಚ್ಚಗಾದ ಮೇಲೆ ಮೊಟ್ಟೆ, ಕಡಲೆಕಾಯಿ ಪೇಸ್ಟು, ಗೋಧಿ ಹಿಟ್ಟು ಸೇರಿಸಿ ನಾದಿ. ಬಿಸಿಯಲ್ಲೇ ಮೊಟ್ಟೆ ಒಡೆದು ಹಾಕಿದರೆ ಅದು ಅಲ್ಲೇ ಬೆಂದು ಎಳೆಎಳೆಯಾಗುತ್ತದೆ, ಹಿಡಿತ ಕೊಡುವುದಿಲ್ಲ. ಕಾಲು ಗಂಟೆ ಬಿಟ್ಟು, ಎಣ್ಣೆ ಪ್ಯಾಕೆಟ್ ಕತ್ತರಿಸಿದ ಎರಡು ಹಾಳೆಗಳ ನಡುವೆ ಇಟ್ಟು 5 ಮಿ.ಮೀ. ದಪ್ಪ ಲಟ್ಟಿಸಿ, ಮೂರೂವರೆ ಸೆಂ.ಮೀ. ಚೌಕಗಳಾಗಿ ಕತ್ತರಿಸಿ, ಪ್ರತಿಯೊಂದಕ್ಕೂ ಫೋರ್ಕಿನಿಂದ ಎರಡು ಸಲ ಚುಚ್ಚಿ. ಸುಮಾರು 80 ಆಗುತ್ತವೆ. ಹಿಟ್ಟಿನ ಅಂಚು ಬಿರಿದರೆ ನೀರು ಕಡಿಮೆ, ಒಂದು ಚಮಚ ಬಿಸಿನೀರು ಹಾಕಿ ಮತ್ತೆ ನಾದಿ. ಹಾಳೆಗೆ ಅಂಟಿದರೆ ಕುಂಬಳಕಾಯಲ್ಲಿ ನೀರು ಹೆಚ್ಚಿತ್ತು, ಒಂದು ಹಿಡಿ ಗೋಧಿ ಹಿಟ್ಟು ಸೇರಿಸಿ. ಮಿಲ್ ಹಿಟ್ಟು ಇಷ್ಟನ್ನೂ ಸಲೀಸಾಗಿ ತಡೆಯುತ್ತದೆ, ಬೆಂದ ಮೇಲೆ ಅಂಚು ಉದುರುವುದಿಲ್ಲ, ಓವನ್ ತೆರೆದಾಗ ಬರುವ ಹುರಿದ ರಾಗಿ ವಾಸನೆಗೆ ನಾಯಿ ಅಡುಗೆಮನೆ ಬಾಗಿಲಲ್ಲಿ ಬಂದು ಕೂರುತ್ತದೆ.

ಪ್ಯಾಕೆಟ್ ಹಿಟ್ಟಿನ ಬಗ್ಗೆ ಹೇಳುವುದು ಕಡಿಮೆ. ಮರಳು ಇರುವುದಿಲ್ಲ, ನುಣುಪಾಗಿರುತ್ತದೆ, ಅದು ಅದರ ಲಾಭ. ಬೀಸಿ ತಿಂಗಳುಗಳಾಗಿರಬಹುದು, ಅದು ನಷ್ಟ. ತಯಾರಾದ ದಿನಾಂಕ ನೋಡಿ, ಎರಡು ತಿಂಗಳೊಳಗಿನದು ಕೊಳ್ಳಿ. ತುಂಬ ಒಣಗಿರುವ ಕಾರಣ ಇದಕ್ಕೆ ನೀರು ಒಂದೆರಡು ಚಮಚ ಹೆಚ್ಚು ಬೇಕಾಗುತ್ತದೆ. ‘ಮಲ್ಟಿಗ್ರೇನ್’ ಎಂದಿದ್ದರೆ ಪದಾರ್ಥಗಳ ಪಟ್ಟಿ ಪೂರ್ತಿ ಓದಿ. ಕೆಲವದರಲ್ಲಿ ಉಪ್ಪು, ಮಸಾಲೆ ಸೇರಿರುತ್ತದೆ.

ಮೊಳಕೆ ರಾಗಿ ಹಿಟ್ಟಿಗೆ ಮಕ್ಕಳ ಮನೆಗಳಲ್ಲಿ ಬಹಳ ಬೇಡಿಕೆ, ಅದು ನ್ಯಾಯವೇ. ಮೊಳಕೆ ಬಂದಾಗ ಖನಿಜಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ಅಂಶ ಇಳಿದು ಕಬ್ಬಿಣ, ಕ್ಯಾಲ್ಸಿಯಂ ಮೈಗೆ ಹತ್ತುವುದು ಸುಲಭವಾಗುತ್ತದೆ. ಬಿಸ್ಕತ್ತಿಗೆ ಬಂದಾಗ ಅದೇ ಮೊಳಕೆ ತೊಡಕು. ಮೊಳೆಯುವಾಗ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತದೆ. ಮಗುವಿನ ಗಂಜಿ ತೆಳುವಾಗಿ ಇಳಿಯುವುದು ಇದರಿಂದಲೇ. ಬಿಸ್ಕತ್ತಿನ ಹಿಟ್ಟೂ ಹಾಗೇ, ನಾದಿದಾಗ ಗಟ್ಟಿ ಇದ್ದದ್ದು ಕಾಲು ಗಂಟೆ ಬಿಟ್ಟು ನೋಡಿದರೆ ಸಡಿಲವಾಗಿ ಕೈಗೆ ಅಂಟುತ್ತದೆ. ಬಿಟ್ಟಿಡದೆ ತಕ್ಷಣ ಲಟ್ಟಿಸಬೇಕು, ಗೋಧಿ ಹಿಟ್ಟು 150 ಗ್ರಾಂಗೆ ಏರಿಸಿ ಮೊಳಕೆ ಹಿಟ್ಟು ಅಷ್ಟೇ ಇಳಿಸಬೇಕು. ಸಕ್ಕರೆ ಅಂಶ ಹೆಚ್ಚಾದ್ದರಿಂದ ಬೇಗ ಕಂದುತ್ತದೆ, ಓವನ್ ಶಾಖ 15 ಡಿಗ್ರಿ ಕಡಿಮೆ ಇಡಿ. ಇಷ್ಟು ಕಾಳಜಿ ಮಾಡಿದರೆ ರುಚಿ ನಾಲ್ಕರಲ್ಲೂ ಇದರದ್ದೇ ಮೇಲು, ಹಠದ ನಾಯಿಗಳೂ ತಿನ್ನುತ್ತವೆ.

ಇದನ್ನು ಡಬ್ಬದ ರಾಗಿ ಮಾಲ್ಟ್ ಜೊತೆ ಕಲೆಸಿಕೊಳ್ಳಬೇಡಿ. ಮಾಲ್ಟಿನಲ್ಲಿ ಸಾಮಾನ್ಯವಾಗಿ ಸಕ್ಕರೆ, ಹಾಲಿನ ಪುಡಿ ಇರುತ್ತದೆ, ಚಾಕೊಲೇಟ್ ಬಗೆಯದಾದರೆ ಕೋಕೋ ಕೂಡ. ಹಾಲಿನ ಪುಡಿಗೆ ಅನೇಕ ನಾಯಿಗಳ ಹೊಟ್ಟೆ ಕೆಡುತ್ತದೆ. ಕೋಕೋದಲ್ಲಿರುವ ಥಿಯೋಬ್ರೋಮಿನ್ ನಾಯಿಗೆ ವಿಷ.

ಈಗ ಓವನ್. ಮನೆಗಳಲ್ಲಿರುವ 20 ಲೀಟರ್ ಆಸುಪಾಸಿನ ಓಟಿಜಿ (ಸಣ್ಣ ಕರೆಂಟ್ ಓವನ್) ಸಾಕು, 80 ಬಿಸ್ಕತ್ತು ಎರಡು ಸಲಕ್ಕೆ ಹಿಡಿಸುತ್ತದೆ. 160 ಡಿಗ್ರಿಗೆ ಹತ್ತು ನಿಮಿಷ ಕಾಯಿಸಿ, ಮೇಲಿನ ಕೆಳಗಿನ ರಾಡ್ ಎರಡೂ ಹಾಕಿ, ಟ್ರೇಯನ್ನು ಮಧ್ಯದ ಹಂತದಲ್ಲಿಟ್ಟು 25ರಿಂದ 30 ನಿಮಿಷ ಬೇಯಿಸಿ, ಅರ್ಧ ಹೊತ್ತಿಗೆ ತಿರುವಿ ಹಾಕಿ. ಇಲ್ಲಿಗೆ ಬೆಂದಿರುತ್ತದೆ, ಒಣಗಿರುವುದಿಲ್ಲ. ಬಹುತೇಕರು ನಿಲ್ಲಿಸುವುದು ಇಲ್ಲೇ, ಬೂಸ್ಟು ಶುರುವಾಗುವುದೂ ಇಲ್ಲಿಂದಲೇ. ಈಗ ಶಾಖವನ್ನು 100ಕ್ಕೆ ಇಳಿಸಿ, ಎರಡೂ ಸಲದವನ್ನು ಜಾಲರಿ ಮೇಲೆ ಒಟ್ಟಿಗೆ ಹರಡಿ, ಬಾಗಿಲಿಗೆ ಮರದ ಚಮಚ ಸಿಕ್ಕಿಸಿ ಒಂದು ಬೆರಳಷ್ಟು ತೆರೆದಿಟ್ಟು ಒಂದರಿಂದ ಒಂದೂವರೆ ಗಂಟೆ ಬಿಡಿ. ಆವಿ ಹೊರಗೆ ಹೋಗಲು ದಾರಿ ಬೇಕು, ಬಾಗಿಲು ಮುಚ್ಚಿದ್ದರೆ ಅದೇ ಆವಿಯಲ್ಲಿ ಬಿಸ್ಕತ್ತು ಮತ್ತೆ ಮೆತ್ತಗಾಗುತ್ತದೆ. ಬೇಗ ಮುಗಿಸೋಣ ಎಂದು 180, 200ಕ್ಕೆ ಏರಿಸಿದರೆ ಹೊರಗಿನ ಪದರ ಗಟ್ಟಿಯಾಗಿ ಒಳಗಿನ ನೀರನ್ನು ಬಂಧಿಸುತ್ತದೆ. ರಾಗಿ ಮೊದಲೇ ಕಂದು, ಸೀದದ್ದು ಕಣ್ಣಿಗೆ ಗೊತ್ತಾಗುವುದಿಲ್ಲ, ಮೂಗಿಗೇ ಗೊತ್ತಾಗಬೇಕು. ತಳ ಮಾತ್ರ ಸೀದರೆ ತೆಳು ಕಪ್ಪು ಟ್ರೇ ಕಾರಣ, ಅದರ ಕೆಳಗೆ ಇನ್ನೊಂದು ಟ್ರೇ ಇಡಿ. ಡಯಲ್ ತೋರಿಸುವ ಶಾಖಕ್ಕೂ ಒಳಗಿನದಕ್ಕೂ ವ್ಯತ್ಯಾಸವಿರುವ ಓಟಿಜಿಗಳೇ ಹೆಚ್ಚು, ಒಂದು ಓವನ್ ಥರ್ಮಾಮೀಟರ್ ಕೊಂಡರೆ ಹಣ ದಂಡವಲ್ಲ.

ಒಣಗಿದೆಯೇ ಎಂದು ತಿಳಿಯಲು ತೂಕವೇ ನಂಬಿಕಸ್ಥ ಸಾಕ್ಷಿ. ಈ ಅಳತೆಯ ಹಸಿ ಹಿಟ್ಟು ಸುಮಾರು 580 ಗ್ರಾಂ ತೂಗುತ್ತದೆ, ಚೆನ್ನಾಗಿ ಒಣಗಿದ ಬಿಸ್ಕತ್ತು 350 ಗ್ರಾಂ ಆಸುಪಾಸಿಗೆ ಇಳಿಯಬೇಕು. ತಕ್ಕಡಿ 400 ತೋರಿಸುತ್ತಿದ್ದರೆ ಒಳಗೆ ಇನ್ನೂ ನೀರಿದೆ. ತಕ್ಕಡಿ ಇಲ್ಲದವರು ಪೂರ್ತಿ ತಣ್ಣಗಾದ ಒಂದನ್ನು ಮುರಿದು ನೋಡಿ. ಚಕ್ಕೆಯಂತೆ ಮುರಿಯಬೇಕು, ಬಾಗಬಾರದು. ಮುರಿದ ಕಡೆ ನಡುವಿನಲ್ಲಿ ಕಡುಬಣ್ಣದ ಅಂಟಂಟು ಗೆರೆ ಕಂಡರೆ ಮತ್ತೆ ಅರ್ಧ ಗಂಟೆ. ಸ್ಟೀಲ್ ಡಬ್ಬಕ್ಕೆ ಹಾಕಿ ಮಾರನೇ ಬೆಳಗ್ಗೆ ಮುಚ್ಚಳದ ಒಳಬದಿ ನೋಡಿ, ಮಂಜು ಕಟ್ಟಿದ್ದರೆ ಎಲ್ಲವನ್ನೂ ಮತ್ತೆ 100 ಡಿಗ್ರಿಗೆ ಹಾಕಿ.

ಹುರಿಹಿಟ್ಟಿಗೆ ಇದ್ಯಾವ ರಗಳೆಯೂ ಇಲ್ಲ. ನೀರು ಚಿಮುಕಿಸಿ ಇಟ್ಟ ರಾಗಿಯನ್ನು ಕಾದ ಮರಳಿನಲ್ಲಿ ಅರಳಿಸಿ ಬೀಸಿದ ಹಿಟ್ಟು ಅದು. ಪಿಷ್ಟ ಆಗಲೇ ಬೆಂದು ಅರಳಿರುವುದರಿಂದ ತಣ್ಣೀರಿನಲ್ಲೂ ಅಂಟಿಕೊಳ್ಳುತ್ತದೆ, ನಾಯಿಗೂ ಜೀರ್ಣವಾಗುತ್ತದೆ. ಹಸಿ ರಾಗಿ ಹಿಟ್ಟಿನಲ್ಲಿ ಹೀಗೆ ಬೇಯಿಸದ ಉಂಡೆ ಮಾಡಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ಹುರಿಹಿಟ್ಟು 100 ಗ್ರಾಂ, ಬೇಯಿಸಿ ಮಸೆದ ಗೆಣಸು 80 ಗ್ರಾಂ, ಕಡಲೆಕಾಯಿ ಪೇಸ್ಟು 20 ಗ್ರಾಂ, ಕಲಸಲು ಬೇಕಾದಷ್ಟು ನೀರು. ಹತ್ತು ನಿಮಿಷ ನೆನೆದ ಮೇಲೆ ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ. ಮೆತ್ತಗಿರುವುದರಿಂದ ಹಲ್ಲು ಬಿದ್ದ ಮುದಿ ನಾಯಿಗಳಿಗೆ ಇದೇ ಚೆನ್ನ. ತೇವವಿರುವುದರಿಂದ ಫ್ರಿಜ್ಜಿನಲ್ಲೂ ಮೂರು ದಿನಕ್ಕಿಂತ ಹೆಚ್ಚು ಇಡುವಂತಿಲ್ಲ.

ಕೊಳ್ಳುವಾಗ ಎರಡು ಎಚ್ಚರ. ಅಂಗಡಿಯ ಹುರಿಹಿಟ್ಟಿಗೆ ಹುರಿಗಡಲೆ, ಏಲಕ್ಕಿ, ಸಕ್ಕರೆ ಬೆರೆಸಿರುವುದುಂಟು, ‘ಬರೀ ರಾಗಿದು ಕೊಡಿ’ ಎಂದು ಕೇಳಿ. ಮರಳಿನಲ್ಲಿ ಹುರಿದದ್ದಾದ್ದರಿಂದ ಲೋಟದ ನೀರಿನ ಪರೀಕ್ಷೆ ಇಲ್ಲಿ ಕಡ್ಡಾಯ. ಬಾಣಲೆಯಲ್ಲಿ ಮರಳಿಲ್ಲದೆ ಒಂದೊಂದೇ ಹಿಡಿ ಹುರಿದು ಮಿಕ್ಸಿಗೆ ಹಾಕಿದರೂ ಆಗುತ್ತದೆ, ಎಲ್ಲ ಕಾಳೂ ಅರಳುವುದಿಲ್ಲ ಅಷ್ಟೆ.

ಓವನ್ ಇಲ್ಲದೆ ಗರಿಗರಿ ಬಿಸ್ಕತ್ತೇ ಬೇಕು ಎನ್ನುವವರು ದಪ್ಪ ತಳದ ಕಾವಲಿಯಲ್ಲಿ ಮಾಡಬಹುದು. ಮೊದಲು ಹೇಳಿದ ಬಿಸ್ಕತ್ತಿನ ಹಿಟ್ಟನ್ನು 4 ಮಿ.ಮೀ.ಗೆ ಲಟ್ಟಿಸಿ, ಸಣ್ಣ ಉರಿಯಲ್ಲಿ ಒಂದೊಂದು ಬದಿ 12ರಿಂದ 15 ನಿಮಿಷ ಬೇಯಿಸಿ, ಆಮೇಲೆ ತೆಳು ಬಟ್ಟೆ ಮುಚ್ಚಿ ಬಿಸಿಲಿಗಿಡಿ. ಮಾರ್ಚ್, ಏಪ್ರಿಲ್ಲಿನಲ್ಲಿ ಪಾವಗಡ, ಶಿರಾ ಕಡೆಯ ಬಿಸಿಲಿಗೆ ಎರಡು ದಿನ ಸಾಕು. ಮಳೆಗಾಲದಲ್ಲಿ ಈ ಕ್ರಮ ಬೇಡವೇ ಬೇಡ.

ಹಿಟ್ಟಿನ ಜೊತೆ ಸೇರುವ ಕಡಲೆಕಾಯಿಯ ಬಗ್ಗೆ ಹೇಳದಿದ್ದರೆ ವಿಮರ್ಶೆ ಅರ್ಧವಾಗುತ್ತದೆ. ಪಾವಗಡ, ಶಿರಾ ಸೀಮೆಯ ಬೀಜ ನಮ್ಮಲ್ಲಿ ಧಾರಾಳ. ಮುರುಟಿದ, ಕಪ್ಪಾದ, ಬೂಸ್ಟು ಕಂಡ ಬೀಜಗಳನ್ನು ಒಂದೂ ಬಿಡದೆ ಆರಿಸಿ ಎಸೆಯಿರಿ. ಅಂಥದರಲ್ಲಿ ಅಫ್ಲಾಟಾಕ್ಸಿನ್ ಇರುವ ಸಾಧ್ಯತೆ ಹೆಚ್ಚು, ಅದು ನಾಯಿಯ ಲಿವರ್ ಕೆಡಿಸುವ ವಿಷ, ಮನೆಯ ಹುರಿಯುವ ಶಾಖಕ್ಕೆ ಅದು ಪೂರ್ತಿ ಹೋಗುವುದಿಲ್ಲ. ಒಳ್ಳೆಯ ಬೀಜವನ್ನು ಹುರಿದು, ಸಿಪ್ಪೆ ಉಜ್ಜಿ, ಉಪ್ಪು ಹಾಕದೆ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ರುಬ್ಬಿದರೆ ಎಣ್ಣೆ ಬಿಟ್ಟು ಪೇಸ್ಟಾಗುತ್ತದೆ. ಡಬ್ಬದ ಪೀನಟ್ ಬಟರ್ ಬಳಸುವುದಾದರೆ ಲೇಬಲ್ಲಿನಲ್ಲಿ ಕ್ಸೈಲಿಟಾಲ್ (ಸಕ್ಕರೆ ಬದಲಿಗೆ ಹಾಕುವ ಸಿಹಿ ಪದಾರ್ಥ) ಅಥವಾ ಸ್ವೀಟನರ್ 967 ಎಂದಿದೆಯೇ ನೋಡಿ. ‘ಶುಗರ್ ಫ್ರೀ’ ಎಂದು ಬರೆದದ್ದರಲ್ಲಿ ಇನ್ನೂ ಗಮನವಿಟ್ಟು ನೋಡಿ. ಕ್ಸೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಒಂದು ಗಂಟೆಯೊಳಗೇ ಕುಸಿಯುವಂತೆ ಮಾಡಬಲ್ಲದು. ತಿಂದದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯದೆ ಪಶುವೈದ್ಯರ ಹತ್ತಿರ ಓಡಬೇಕು.

ರುಚಿಗೆಂದು ಒಣದ್ರಾಕ್ಷಿ ಹಾಕುವ ಆಸೆ ಕೆಲವರಿಗೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ಎಷ್ಟೇ ತಾಜಾ ಇರಲಿ, ದ್ರಾಕ್ಷಿಯೂ ಒಣದ್ರಾಕ್ಷಿಯೂ ನಾಯಿಯ ಮೂತ್ರಪಿಂಡಕ್ಕೆ ಹಾನಿ. ಅದರಲ್ಲಿರುವ ಟಾರ್ಟಾರಿಕ್ ಆಮ್ಲದ ಮೇಲೆ ವೈದ್ಯರ ಅನುಮಾನ. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಹೇರಳ. ಹುಣಸೆಗೆ ಹೆಸರಾದ ಊರು ನಮ್ಮದು, ಮನೆಮನೆಯಲ್ಲೂ ಗಡಿಗೆ ತುಂಬ ಇರುತ್ತದೆ, ನಾಯಿಗೆ ನಿಲುಕದ ಕಡೆ ಇಡಿ. ಈರುಳ್ಳಿ, ಬೆಳ್ಳುಳ್ಳಿ ಪುಡಿಯ ರೂಪದಲ್ಲೂ ಬೇಡ, ಅವು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ತಿಪಟೂರಿನ ಕೊಬ್ಬರಿ ವಿಷವಲ್ಲ, ಆದರೆ ಪೂರ್ತಿ ಕೊಬ್ಬು. ಒಂದು ಸಲ ಕಲಸುವ ಹಿಟ್ಟಿಗೆ ಒಂದು ಚಮಚ ತುರಿ ಮೀರಬಾರದು.

ಎಷ್ಟು ಕೊಡಬೇಕು? ಮೇಲಿನ ಅಳತೆಯ ಒಂದು ಬಿಸ್ಕತ್ತಿಗೆ ಸುಮಾರು 16 ಕ್ಯಾಲರಿ. ತಿಂಡಿಯ ಪಾಲು ದಿನದ ಆಹಾರದ ಹತ್ತರಲ್ಲಿ ಒಂದು ಭಾಗ ದಾಟಬಾರದು ಎಂಬ ಲೆಕ್ಕದಲ್ಲಿ 5 ಕಿಲೋ ನಾಯಿಗೆ ದಿನಕ್ಕೆ ಎರಡು, 10 ಕಿಲೋ ನಾಯಿಗೆ ಮೂರರಿಂದ ನಾಲ್ಕು, 20 ಕಿಲೋ ನಾಯಿಗೆ ಆರು. ಮೊದಲ ಸಲ ಒಂದೇ ಕೊಟ್ಟು ಎರಡು ದಿನ ಮಲ ನೋಡಿ. ರಾಗಿಯಲ್ಲಿ ನಾರು ಹೆಚ್ಚು, ಕುಡಿಯುವ ನೀರು ಸಾಲದಿದ್ದರೆ ಮಲ ಗಟ್ಟಿಯಾಗುತ್ತದೆ.

ರಾಗಿಯಲ್ಲಿ 100 ಗ್ರಾಂಗೆ 350 ಮಿ.ಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ ಎಂದು ಮರಿಗಳಿಗೆ ಇದನ್ನೇ ಊಟವಾಗಿ ಹಾಕುವ ಮನೆಗಳಿವೆ. ಪ್ರೋಟೀನ್ ಬರೀ 7 ಗ್ರಾಂ, ಬೆಳೆಯುವ ಮರಿಗೆ ಅದು ಏನೇನೂ ಸಾಲದು. ಬಿಸ್ಕತ್ತು ತಿಂಡಿಯಾಗಿಯೇ ಇರಲಿ. ಮೂತ್ರಕೋಶದಲ್ಲಿ ಆಕ್ಸಲೇಟ್ ಕಲ್ಲು ಆಗಿದ್ದ ನಾಯಿಗೆ ರಾಗಿ ಬೇಡ, ರಾಗಿಯಲ್ಲಿ ಆಕ್ಸಲೇಟ್ ಇದೆ. ಮೂತ್ರಪಿಂಡದ ಕಾಯಿಲೆ, ಸಕ್ಕರೆ ಕಾಯಿಲೆ ಇದ್ದರೆ ಪಶುವೈದ್ಯರನ್ನು ಕೇಳಿದ ಮೇಲೆಯೇ.

ಒಣಗಿದ ಬಿಸ್ಕತ್ತು ಬೇಸಿಗೆಯಲ್ಲಿ ಗಾಳಿಯಾಡದ ಡಬ್ಬದಲ್ಲಿ ಮೂರು ವಾರ ಬಾಳುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹತ್ತು ದಿನಕ್ಕೆ ಬೇಕಾದಷ್ಟು ಹೊರಗಿಟ್ಟು ಉಳಿದದ್ದನ್ನು ಫ್ರೀಜರಿಗೆ ಹಾಕಿ. ಫ್ರೀಜರಿನಿಂದ ತೆಗೆದ ಡಬ್ಬವನ್ನು ಹೊರಗಿನ ಶಾಖಕ್ಕೆ ಬರುವವರೆಗೆ ತೆರೆಯಬೇಡಿ, ತೆರೆದರೆ ಬಿಸ್ಕತ್ತಿನ ಮೇಲೆಯೇ ನೀರು ಕೂರುತ್ತದೆ. ಒಂದರ ಮೇಲೆ ಬೂಸ್ಟು ಕಂಡರೆ ಆ ಒಂದನ್ನು ತೆಗೆದು ಉಳಿದದ್ದನ್ನು ಕೊಡುವುದು ಬೇಡ, ಇಡೀ ಡಬ್ಬ ಚೆಲ್ಲಿ.